ಸಲ್ಲದ ಕಾಗದ

ಷೋನಿಂಗೆನ್ನಿನ ಕಸದ ಕುಲುಮೆಯಲ್ಲಿ ನಾನು ಕ್ರೇನು ನಡೆಸುವವ.
ಕೆಳಗೆ ಗುಂಡಿ, ಮೇಲೆ ಗಾಜಿನ ಗೂಡು,
ನಡುವೆ ತೂಗುವ ಉಕ್ಕಿನ ಪಂಜ.
ಆಲೂಗಡ್ಡೆ ಸಿಪ್ಪೆ, ಕಾಲು ಮುರಿದ ಸೋಫಾ,
ಯಾರದೋ ಮದುವೆಯ ಬಿಳಿ ಉಡುಪು—
ಪಂಜಕ್ಕೆ ಎಲ್ಲವೂ ಒಂದೇ,
ನನಗೂ.

ಆ ಬೇಸಿಗೆ ಹಾಲ್ಬರ್‌ಷ್ಟಾಟ್‌ನಿಂದ ಲಾರಿಗಳು ಬಂದವು,
ಕಾವಲಿನವರ ಸಮೇತ.
ಸುರಿದದ್ದು ದುಡ್ಡು.
ಇಲ್ಲವಾದ ದೇಶದ ದುಡ್ಡು, ಮಣ್ಣು ಮೆತ್ತಿದ್ದು,
ಜಲ್ಲಿ ಕಚ್ಚಿಕೊಂಡದ್ದು, ನೆಲಮಾಳಿಗೆಯ ಮುಗ್ಗುಲು ನಾತದ್ದು.
ನೂರರ ಮೇಲಿನ ಗಡ್ಡದ ಮುದುಕ
ಗುಂಡಿಯೊಳಗಿಂದ ನನ್ನನ್ನು ನೋಡಿದ,
ಲಕ್ಷ ಸಲ, ಒಂದೇ ಮುಖದಲ್ಲಿ.

ಬೆಟ್ಟದ ಸುರಂಗದಲ್ಲಿ ಹೂತಿದ್ದರು, ತಾನಾಗಿ ಕೊಳೆಯಲಿ ಎಂದು.
ಅದು ಕೊಳೆಯಲಿಲ್ಲ.
ಕಳ್ಳರು ನುಗ್ಗಿದರು; ಒಮ್ಮೆಯೂ ಚಲಾವಣೆಗೆ ಬಾರದ
ಐನೂರರ ನೋಟು ಸಂಗ್ರಹಕಾರರ ಕೈಗೆ ಬಿತ್ತು—
ಬದುಕಿದ್ದಾಗ ಒಂದು ಬ್ರೆಡ್ಡನ್ನೂ ಕೊಳ್ಳದ್ದು
ಸತ್ತ ಮೇಲೆ ಬೆಲೆ ಕಂಡಿತು.
ಅದಕ್ಕೇ ಈಗ ಬೆಂಕಿ.

ತೂಕದ ಕಟ್ಟೆಯಲ್ಲಿ ಹೈಡ್ರೂನ್ ಕೂತಿರುತ್ತಾಳೆ.
ಮೊದಲು ಅದೇ ಹಾಲ್ಬರ್‌ಷ್ಟಾಟ್‌ನ ಬ್ಯಾಂಕಿನಲ್ಲಿ ಕ್ಯಾಷಿಯರು.
ಹದಿನಾರು ವರ್ಷ ಒದ್ದೆ ಸ್ಪಂಜಿಗೆ ಬೆರಳೊತ್ತಿ
ಒಂದೊಂದಾಗಿ ಎಣಿಸಿದ್ದನ್ನು
ಈಗ ಟನ್ನಿನಲ್ಲಿ ಬರೆದುಕೊಳ್ಳುತ್ತಾಳೆ.

ಸುರಂಗ ತೋಡಿದವರು ಯಾರೆಂದು ಲಾರಿಯವರು ಹೇಳಲಿಲ್ಲ.
ಹೇಳಿದವಳು ಅವಳೇ:
ಯುದ್ಧದ ಕೊನೆಯ ವರ್ಷ, ಪಟ್ಟೆ ಅಂಗಿಯ ಕೈದಿಗಳು,
ಮರಳುಗಲ್ಲು, ವಾರಗಳಲ್ಲಿ ಎಣಿಸುವ ಆಯಸ್ಸು.
ಹಣ ಹೂಳುವ ಮೊದಲು ಅಲ್ಲಿ ಹೆಣ.
ಇಷ್ಟು ಹೇಳಿ ಪೆನ್ನಿನ ಮುಚ್ಚಳ ಹಾಕಿದಳು.

ಊಟದ ಹೊತ್ತಿಗೆ ಬೇರೆ ಕತೆ.
ತೊಂಬತ್ತರ ಜುಲೈ, ಬ್ಯಾಂಕಿನ ಮುಂದೆ ಬೀದಿ ತಿರುವಿನವರೆಗೂ ಸಾಲು.
ಒಂದಕ್ಕೆ ಒಂದು: ಮಕ್ಕಳಿಗೆ ಎರಡು ಸಾವಿರ, ದೊಡ್ಡವರಿಗೆ ನಾಲ್ಕು,
ಅರವತ್ತು ತುಂಬಿದವರಿಗೆ ಆರು.
ಮಿಕ್ಕದ್ದೆಲ್ಲ ಅರ್ಧಕ್ಕೆ ಅರ್ಧ.
ಪಕ್ಕದ ಮನೆಯ ಎಡೆಲ್ಟ್ರಾಟಳಿಗೆ ಅರವತ್ತಾಗಲು ಒಂಬತ್ತು ದಿನ ಬಾಕಿ.
"ಅಮ್ಮನ ಹೊಟ್ಟೆಯಲ್ಲಿ ಒಂಬತ್ತು ದಿನ ಹೆಚ್ಚು ಮಲಗಿದ್ದಕ್ಕೆ
ಸಾವಿರ ಮಾರ್ಕು ದಂಡವೇ?" ಎಂದು
ಗಾಜಿನ ಕಿಂಡಿಗೆ ಮೂಗೊತ್ತಿ ಕೇಳಿದಳಂತೆ.
ನಿಯಮದ ಹಾಳೆ ನೋಡಿ, ಹೈಡ್ರೂನ್
"ಹೌದು" ಎಂದಳಂತೆ.
ಮುಂದೆ ಆ ಮನೆಯಿಂದ ಕ್ರಿಸ್ಮಸ್ಸಿಗೆ ಕೇಕು ಬರಲಿಲ್ಲ.

ಅಜ್ಜಿಯ ಕಾಲದಲ್ಲಿ ಕೋಟಿಯ ನೋಟಿನಿಂದ ಒಲೆ ಹೊತ್ತಿಸಿದ ಕತೆ
ಇಲ್ಲಿ ಎಲ್ಲರ ಮನೆಯಲ್ಲೂ ಇದೆ; ನಾನು ಹೇಳುವುದಿಲ್ಲ.
ನಮ್ಮ ವಂಶದಲ್ಲಿ ಈಗ ಒಲೆ ನೋಡಿಕೊಳ್ಳುವವ ನಾನೇ.

ಕೈ ತೊಳೆಯುವ ಬಕೆಟ್ಟಿನ ಬಳಿ ಹೈಡ್ರೂನ್
ಜೇಬಿನಿಂದ ಅಲ್ಯೂಮಿನಿಯಂ ಚೂರೊಂದನ್ನು ತೆಗೆದಳು, ಒಂದು ಫೆನಿಗ್.
ಮಲಗಿದ ಮಗುವನ್ನು ಇಳಿಸುವ ಹಾಗೆ
ನೀರಿನ ಮೇಲೆ ಮಲಗಿಸಿದಳು.
ತೇಲಿತು.
"ಇಪ್ಪತ್ತು ಫೆನಿಗ್ ಮಾತ್ರ ಹಿತ್ತಾಳೆ ನಮ್ಮಲ್ಲಿ.
ಹಗುರ ನಾಣ್ಯವನ್ನು ಟೆಲಿಫೋನ್ ಪೆಟ್ಟಿಗೆ ಕೂಡ ನಂಬುತ್ತಿರಲಿಲ್ಲ."

ನನ್ನ ಕೋಟಿನ ಒಳಜೇಬಿನಲ್ಲಿ, ಹರಿದ ಅಸ್ತರಿನ ಸಂದಿಯಲ್ಲಿ
ಪಶ್ಚಿಮದ ಒಂದು ಮಾರ್ಕು ಉಳಿದಿತ್ತು.
ಹಿಂದಿನ ಚಳಿಗಾಲದಲ್ಲಷ್ಟೇ ಅದೂ ತೀರಿಕೊಂಡಿತ್ತು;
ಅಂಗಡಿಯಲ್ಲಿ ಯೂರೋ ಕೊಡುವಾಗ
ಇನ್ನೂ ಎರಡರಿಂದ ಗುಣಿಸಿ ನಿಟ್ಟುಸಿರುಬಿಡುತ್ತಿದ್ದೆ.
ಹಾಕಿದೆ.
ಬುಳುಕ್ಕೆಂದು ತಳಕ್ಕೆ ಹೋಯಿತು.

ಅವಳು ನಗುತ್ತಾಳೆಂದುಕೊಂಡೆ.
"ನಮ್ಮದಕ್ಕೆ ಹನ್ನೆರಡು ವರ್ಷವಾಯ್ತು," ಎಂದಳು,
"ನಿಮ್ಮದು ಇನ್ನೂ ಹಸಿ."
ತೋಳು ಮಡಿಸಿ, ಬಕೆಟ್ಟಿನೊಳಗೆ ಕೈ ಇಳಿಸಿ
ನನ್ನ ಮಾರ್ಕನ್ನು ಎತ್ತಿಕೊಟ್ಟಳು.
ಅವಳದು ಹಾಗೇ ತೇಲುತ್ತಿತ್ತು.

ಗಂಟೆ ಹೊಡೆಯಿತು. ಏಣಿ ಹತ್ತಿದೆ.
ನೋಟು ಬೇಗ ಉರಿಯುವುದಿಲ್ಲ, ಕಂತೆ ಕಟ್ಟಿದ್ದಂತೂ.
ಹೊರಗೆ ಕಪ್ಪಾಗಿ, ಒಳಗೆ ಹಸಿಯಾಗಿ ಉಳಿಯುತ್ತದೆ.
ಸ್ವಲ್ಪ ಸಿಪ್ಪೆ, ಸ್ವಲ್ಪ ಸೋಫಾ
ಬೆರೆಸಿಕೊಟ್ಟೆ.